ಸುಣ್ಣದ ಗೆರೆ ಹಾಕಿದ ಜಾಗವನ್ನು ಒಂದಡಿ ಅಗೆದು ನೋಡಿ

ಮಾನ್ಯ ಸಂಪಾದಕರೇ,

ಕಳೆದ ಸೋಮವಾರ ನಮ್ಮ ಮನೆ ಎದುರಿನ ಪಾರ್ಕಿಗೆ ನಾಲ್ಕು ಜನ ಬಂದರು. ಬಕೆಟ್ಟಿನಲ್ಲಿ ಸುಣ್ಣದ ಪುಡಿ ತಂದಿದ್ದರು. ಪಾರ್ಕಿನ ಪೂರ್ವದ ಕಡೆ ದೊಡ್ಡದೊಂದು ಚೌಕಕ್ಕೆ ಗೆರೆ ಎಳೆದರು. ಏನಿದು ಅಂತ ಕೇಳಿದೆ. ‘ಹೊಸ ಲಾನ್ ಬರ್ತದೆ ಮೇಡಂ, ಈ ತಿಂಗಳೇ ಹಾಸಿ ಮುಗಿಸ್ಬೇಕು’ ಅಂದರು. ಈ ತಿಂಗಳು ಅಂದರೆ ಏಪ್ರಿಲ್. ಇದನ್ನು ಕೇಳಿದ ಮೇಲೆ ನನಗೆ ಸುಮ್ಮನೆ ಕೂರಲು ಆಗಲಿಲ್ಲ.

ನಾನು ಮೈಸೂರಿನವಳು. ಅಂಚೆ ಇಲಾಖೆಯಲ್ಲಿ 34 ವರ್ಷ ದುಡಿದು ನಿವೃತ್ತಳಾದವಳು. ಕೃಷಿ ಓದಿದವಳಲ್ಲ. ಆದರೆ ಇದೇ ಪಾರ್ಕಿನ ಪಶ್ಚಿಮದ ಕಡೆ ಹುಲ್ಲು ಹಾಸಿದ್ದು, ಅದು ಸತ್ತಿದ್ದು, ಆಮೇಲೆ ನಾವು ಬೀದಿಯವರೇ ಸೇರಿ ಅದನ್ನು ಮತ್ತೆ ಬೆಳೆಸಿದ್ದು, ಮೂರನ್ನೂ ಹತ್ತಿರದಿಂದ ಕಂಡಿದ್ದೇನೆ. ಬೇರೆ ಬಡಾವಣೆಗಳ ಪಾರ್ಕಿಗೂ ಇದು ಉಪಯೋಗಕ್ಕೆ ಬಂದೀತು ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ದಯವಿಟ್ಟು ಜಾಗ ಕೊಡಿ.

2023ರ ಮಾರ್ಚ್ ತಿಂಗಳು. ವಿಧಾನಸಭೆ ಚುನಾವಣೆ ಘೋಷಣೆಯಾಗುವುದಕ್ಕೆ ಮೊದಲೇ ಉದ್ಘಾಟನೆ ಮುಗಿಯಬೇಕು ಅಂತ ಅವಸರ. ಒಂದು ಬೆಳಿಗ್ಗೆ ಲಾರಿಯಲ್ಲಿ, ಬೇರು ಮಣ್ಣಿನ ಸಮೇತ ಕತ್ತರಿಸಿ ಎಬ್ಬಿಸಿದ ಹುಲ್ಲಿನ ಚೌಕಗಳು ಬಂದವು. ಅವನ್ನು ಒಂದರ ಮೇಲೊಂದು ಪೇರಿಸಿ ಫುಟ್‌ಪಾತಿನ ಮೇಲೆ ಇಳಿಸಿ ಹೋದರು. ಹಾಸುವವರು ಬಂದಿದ್ದು ಎರಡು ದಿನ ಬಿಟ್ಟು. ಅಷ್ಟು ಹೊತ್ತೂ ಹುಲ್ಲು ಬಿಸಿಲಲ್ಲೇ ಇತ್ತು. ನಾನು ರಾಶಿಯ ನಡುವೆ ಕೈ ತೂರಿಸಿ ನೋಡಿದೆ. ಒಳಗೆ ಬಿಸಿ. ಮುಚ್ಚಿಟ್ಟ ದೋಸೆ ಹಿಟ್ಟು ಹುದುಗಿ ಬಂದಾಗ ಬರುವಂಥ ಹುಳಿ ವಾಸನೆ. ಕಿತ್ತ ಮೇಲೂ ಹುಲ್ಲು ಉಸಿರಾಡುತ್ತಲೇ ಇರುತ್ತದೆ. ಪೇರಿಸಿಟ್ಟರೆ ಆ ಶಾಖ ಹೊರಗೆ ಹೋಗಲು ದಾರಿ ಇರುವುದಿಲ್ಲ, ಒಳಗೊಳಗೇ ಬೇಯುತ್ತದೆ. ಎಬ್ಬಿಸಿದ 24 ಗಂಟೆಯೊಳಗೆ ಹುಲ್ಲು ನೆಲಕ್ಕೆ ಸೇರಬೇಕು ಅನ್ನುವುದು ಇದಕ್ಕೇ.

ನೆಲವನ್ನು ಯಾರೂ ಅಗೆಯಲಿಲ್ಲ. ಎರಡು ಇಂಚು ಕೆಂಪು ಮಣ್ಣು ಎಳೆದು, ಅದರ ಮೇಲೆ ಚೌಕಗಳನ್ನು ಜೋಡಿಸಿದರು. ಸಂಜೆಗೆ ನೋಡಿದರೆ ಹಸಿರೋ ಹಸಿರು. ಮಾರನೇ ದಿನ ಟೇಪ್ ಕತ್ತರಿಸಿ ಫೋಟೊ ತೆಗೆಸಿಕೊಂಡರು. ಹತ್ತು ದಿನ ಟ್ಯಾಂಕರ್ ನೀರು ಬಂತು. ಆಮೇಲೆ ಬರಲಿಲ್ಲ.

ಏಪ್ರಿಲ್ ಕೊನೆಗೆ ಅಂಚುಗಳು ಮುದುಡತೊಡಗಿದವು. ಮೇ ಎರಡನೇ ವಾರ ನಾನೇ ಒಂದು ಚೌಕ ಹಿಡಿದು ಎತ್ತಿದೆ. ಚಾಪೆ ಎತ್ತಿದ ಹಾಗೆ ಬಂತು. ಎರಡು ತಿಂಗಳಾಗಿತ್ತು, ಒಂದೇ ಒಂದು ಬೇರೂ ಕೆಳಕ್ಕೆ ಇಳಿದಿರಲಿಲ್ಲ. ಆ ವರ್ಷ ಮುಂದೆ ಮಳೆ ಕೈಕೊಟ್ಟಿದ್ದು ನಿಜ. ಹುಲ್ಲು ಸತ್ತಿದ್ದಕ್ಕೆ ಮಳೆಯದೇ ತಪ್ಪು ಅಂತ ಆಮೇಲೆ ಹೇಳಿದರು. ಆದರೆ ಅದು ಸತ್ತಿದ್ದು ಮಳೆಗಾಲಕ್ಕೆ ಮುಂಚೆ. ಕೆಳಗೆ ಏನಿತ್ತು ಗೊತ್ತಾ? ಟೈಲ್ಸ್ ಚೂರು, ಗಟ್ಟಿಯಾದ ಸಿಮೆಂಟ್ ಮುದ್ದೆ, ಹರಿದ ಸಿಮೆಂಟ್ ಚೀಲ. ಬಡಾವಣೆಯಲ್ಲಿ ಮನೆ ಏಳುತ್ತಿದ್ದ ಕಾಲದಲ್ಲಿ ಎಲ್ಲರೂ ಡೆಬ್ರಿ ಸುರಿದಿದ್ದು ಇಲ್ಲೇ ಅಲ್ವಾ?

ಇದಕ್ಕಿಂತ ಹೆಚ್ಚು ನೋವಾಗಿದ್ದು ಇನ್ನೊಂದು ಸಂಗತಿಗೆ. ಹುಲ್ಲು ಒಣಗುತ್ತಿದ್ದಾಗ ‘ಗೆದ್ದಲು ಹಿಡಿದಿದೆ’ ಅಂತ ಯಾರೋ ತೀರ್ಮಾನ ಮಾಡಿ ಹರಳು ಔಷಧಿ ಎರಚಿಸಿದರು. ಕೊಳೆತ ಬೆಳ್ಳುಳ್ಳಿಯಂಥ ಗಾಟು ನಮ್ಮ ಅಡುಗೆಮನೆವರೆಗೂ ಬಂತು. ಹೋಗಿ ನೋಡಿದರೆ ಚೀಲದ ಮೇಲೆ ಕೆಂಪು ತ್ರಿಕೋನ, ಅಂದರೆ ಅತಿ ಘೋರ ವಿಷ ಅನ್ನುವ ಗುರುತು. ಹೆಸರು ಫೋರೇಟ್. ಈ ಫೋರೇಟನ್ನು ಕೇಂದ್ರ ಸರ್ಕಾರ 2020ರ ಡಿಸೆಂಬರ್ 31ರಿಂದ ನಿಷೇಧಿಸಿದೆ. ಅಂದರೆ ಅದಾಗಲೇ ಎರಡು ವರ್ಷ ದಾಟಿತ್ತು. ಇದು ನರಗಳ ಮೇಲೆ ಕೆಲಸ ಮಾಡುವ ವಿಷ. ಕೀಟಕ್ಕೆ ಏನು ಮಾಡುತ್ತದೋ ಹಕ್ಕಿಗೂ ಮಗುವಿಗೂ ಅದನ್ನೇ ಮಾಡುತ್ತದೆ. ಎರಚಿದ ಹುಡುಗ ಬರಿಗೈಯಲ್ಲಿ ಎರಚುತ್ತಿದ್ದ, ಮುಖಕ್ಕೆ ಬಟ್ಟೆ ಕೂಡ ಕಟ್ಟಿರಲಿಲ್ಲ. ಅವನಿಗೂ ಯಾರೂ ಹೇಳಿರಲಿಲ್ಲ. ಮಾರನೇ ಬೆಳಿಗ್ಗೆ ಬೆಂಚಿನ ಹತ್ತಿರ ಎರಡು ಗೊರವಂಕ ಸತ್ತು ಬಿದ್ದಿದ್ದವು. ಸಂಜೆ ಅದೇ ಜಾಗದಲ್ಲಿ ಮಕ್ಕಳು ಚಪ್ಪಲಿ ಬಿಟ್ಟು ಆಡಲು ಬಂದರು. ನಾನು ಮತ್ತು ಪಕ್ಕದ ಮನೆಯ ಅತ್ತಿಗೆ ಗೇಟಿನಲ್ಲಿ ನಿಂತು ಒಬ್ಬೊಬ್ಬರನ್ನೇ ವಾಪಸ್ ಕಳಿಸಿದೆವು. ಒಂದು ವಾರ ಹಾಗೆ ನಿಂತೆವು.

ಅಷ್ಟಾದ ಮೇಲೆ ಬೀದಿಯವರು ಸೇರಿ ಅರ್ಜಿ ಕೊಟ್ಟು, ಓಡಾಡಿ, 40 ಅಡಿ ಉದ್ದ 30 ಅಡಿ ಅಗಲದ ತುಂಡೊಂದನ್ನು ನಾವೇ ನೋಡಿಕೊಳ್ಳಲು ಒಪ್ಪಿಗೆ ಪಡೆದೆವು. ಪೂರ್ತಿ ಪಾರ್ಕ್ ಬೇಡ ಅಂದುಕೊಂಡೆವು. ನಮ್ಮ ಕೈಲಾದಷ್ಟು ಸಾಕು.

ನಂಜನಗೂಡಿನ ಕಡೆಯ ಒಬ್ಬ ಹಿರಿಯರು ನಮಗೆ ಸಿಕ್ಕಿದರು. ಆಯುಷ್ಯವೆಲ್ಲ ತೋಟದ ಕೆಲಸದಲ್ಲೇ ಕಳೆದವರು. ನಾವು ಯಜಮಾನ್ರು ಅಂತಲೇ ಕರೆಯುತ್ತೇವೆ. ಬಂದವರು ಹಾರೆಯಲ್ಲಿ ನಾಲ್ಕು ಕಡೆ ಕುಟ್ಟಿದರು. ಠಣ್ ಅಂತ ಸದ್ದು. ‘ಅವ್ವಾ, ಇದ್ರ ಮೇಲೆ ಏನ್ ಹಾಕುದ್ರೂ ಬರಕಿಲ್ಲ. ಮೊದ್ಲು ಇದ್ನ ಆಚೆಗೆ ಹಾಕ್ಸಿ’ ಅಂದರು. ಒಂಬತ್ತು ಇಂಚು ಅಗೆಸಿದೆವು. ಆರು ಟ್ರ್ಯಾಕ್ಟರ್ ಗಾರೆ, ಇಟ್ಟಿಗೆ, ಕಲ್ಲು ಹೊರಗೆ ಹೋಯಿತು. ನಮ್ಮ ಖರ್ಚಿನಲ್ಲಿ ಅರ್ಧದಷ್ಟು ಹೋಗಿದ್ದು ಇದಕ್ಕೇ. ಕಣ್ಣಿಗೆ ಕಾಣುವ ಕೆಲಸ ಇದಲ್ಲ. ಫೋಟೊಗೆ ಬರುವುದಿಲ್ಲ. ಆದರೂ ಹುಲ್ಲು ಉಳಿದಿದ್ದು ಇದರಿಂದಲೇ ಅಂತ ನಾನು ನಂಬಿದ್ದೇನೆ.

ಉಳಿದ ಮಣ್ಣನ್ನು ಪರೀಕ್ಷೆಗೆ ಕೊಟ್ಟೆವು. ಐದು ಕಡೆ ಆರು ಇಂಚಿನ ಆಳಕ್ಕೆ ಗುಂಡಿ ತೆಗೆದು, ಗೋಡೆಯಿಂದ ಮಣ್ಣು ಕೆರೆದು, ಎಲ್ಲ ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆಜಿ ಮಾತ್ರ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದೆ. ಪಿಎಚ್, ಅಂದರೆ ಮಣ್ಣಿನ ಹುಳಿ-ಕ್ಷಾರದ ಅಳತೆ, 8.4 ಅಂತ ಬಂತು. ಕ್ಷಾರ ಜಾಸ್ತಿ ಅಂತ ಅರ್ಥ. ಸಿಮೆಂಟಿನಲ್ಲಿರುವ ಸುಣ್ಣ ಮಣ್ಣಿಗೆ ಇಳಿದರೆ ಹೀಗೇ ಆಗುವುದು. ಇಂಥ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗುವುದಿಲ್ಲ, ಎಲೆ ಹಳದಿಯಾಗುತ್ತದೆ. ಹಳದಿ ಕಂಡ ಕೂಡಲೇ ಯೂರಿಯಾ ಹಾಕುತ್ತಾರೆ. ಕೆಲವರು ಅಭ್ಯಾಸಬಲದಿಂದ ಇನ್ನಷ್ಟು ಸುಣ್ಣ ಹಾಕುತ್ತಾರೆ. ಮಣ್ಣು ಪರೀಕ್ಷೆಗೆ ಹೋಗದೇ ಇದ್ದಿದ್ದರೆ ನಾವೂ ಹಾಗೇ ಮಾಡುತ್ತಿದ್ದೆವೋ ಏನೋ.

ಪಾರ್ಕಿನಲ್ಲಿ ಹೊಂಗೆ, ಮಳೆಮರ, ಗುಲ್‌ಮೊಹರ್ ಇವೆ. ಅದುವರೆಗೆ ತರಗೆಲೆಯನ್ನೆಲ್ಲ ಗುಡಿಸಿ ಮೂಲೆಯಲ್ಲಿ ಬೆಂಕಿ ಹಚ್ಚುತ್ತಿದ್ದರು. ನಾವು ಡಿಸೆಂಬರಿನಿಂದ ಅದನ್ನು ಸುಡಲು ಬಿಡಲಿಲ್ಲ. ನಾಲ್ಕು ಅಡಿ ಎತ್ತರಕ್ಕೆ ಜಾಲರಿ ಕಟ್ಟಿ, ಒಂದು ಪದರ ಎಲೆ, ಮೇಲೆ ಸ್ವಲ್ಪ ಸಗಣಿ ನೀರು, ಮತ್ತೆ ಎಲೆ, ಹೀಗೆ ತುಂಬಿದೆವು. ಹದಿನೈದು ದಿನಕ್ಕೊಮ್ಮೆ ತಿರುವಿ ಹಾಕಿದರೆ ಮೇ ಹೊತ್ತಿಗೆ ಕಪ್ಪಗೆ ಪುಡಿಪುಡಿ ಆಯಿತು. ಅದರ ಜೊತೆಗೆ ಎರಡು ಟ್ರ್ಯಾಕ್ಟರ್ ಕೊಟ್ಟಿಗೆ ಗೊಬ್ಬರ ತರಿಸಿದೆವು. ಇಲ್ಲಿ ಒಂದು ಮಾತು ಹೇಳಲೇಬೇಕು. ಸಾವಯವ ಅಂದ ಮಾತ್ರಕ್ಕೆ ಹಸಿ ಸಗಣಿ ತಂದು ಸುರಿಯಬೇಡಿ. ಅರೆಬರೆ ಕೊಳೆತ ಗೊಬ್ಬರದಲ್ಲಿ ಬೇರು ತಿನ್ನುವ ಗೊಣ್ಣೆಹುಳು ಇರುತ್ತದೆ, ಕಳೆಯ ಬೀಜವೂ ಇರುತ್ತದೆ. ಒಳ್ಳೇ ಗೊಬ್ಬರಕ್ಕೆ ಸಗಣಿ ವಾಸನೆಯೇ ಇರಬಾರದು, ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಕಾಫಿ ಪುಡಿಯ ಹಾಗೆ ಉದುರಬೇಕು. ಯಜಮಾನ್ರು ಮೊದಲ ಲೋಡನ್ನು ಮೂಸಿ ನೋಡಿ ವಾಪಸ್ ಕಳಿಸಿದ್ದರು.

ಆ ವರ್ಷದ ಬೇಸಿಗೆ ನೆನಪಿದೆಯಾ? 2024ರ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತು. ಆ ಆದೇಶ ಮೈಸೂರಿಗೆ ಬಂದಿರಲಿಲ್ಲ. ಆದರೂ ಜನ ಬಿಂದಿಗೆ ಹಿಡಿದು ನಿಂತಿರುವಾಗ ನಾವು ಹುಲ್ಲಿಗೆ ನೀರು ಬಿಡುವುದು ಸರಿ ಅನ್ನಿಸಲಿಲ್ಲ. ಮಳೆ ಬರುವ ತನಕ ಹುಲ್ಲು ಹಾಸುವುದು ಬೇಡ ಅಂತ ನಿಶ್ಚಯ ಮಾಡಿದೆವು. ಕೆಲವರಿಗೆ ಬೇಜಾರಾಯಿತು. ‘ಮಣ್ಣು ನೋಡ್ಕೊಂಡು ಎಷ್ಟು ದಿನ ಕೂರೋದು ಆಂಟಿ?’ ಅಂತ ಕೇಳಿದರು.

ಆದರೆ ಕಾದಿದ್ದು ಒಳ್ಳೆಯದೇ ಆಯಿತು. ಆ ಎರಡು ತಿಂಗಳಲ್ಲಿ ಜೇಕಿನ ಕಾಟ ತೀರಿಸಿಕೊಂಡೆವು. ಜೇಕು ಅಂದರೆ ಕೊನ್ನಾರಿ ಅನ್ನುವ ಕಳೆ. ತೋಟ ಮಾಡಿದವರಿಗೆಲ್ಲ ಇದರ ಪರಿಚಯ ಇದ್ದೇ ಇರುತ್ತದೆ. ಮೇಲಿನ ಎಲೆ ಕಿತ್ತರೆ ಕೈಗೆ ಎಲೆ ಮಾತ್ರ ಬರುತ್ತದೆ. ಕೆಳಗೆ ದಾರದಲ್ಲಿ ಪೋಣಿಸಿದ ಹಾಗೆ ಗಡ್ಡೆಯಿಂದ ಗಡ್ಡೆಗೆ ಬೇರು ಇರುತ್ತದೆ. ಒಂದನ್ನು ಕಿತ್ತರೆ ಇನ್ನೊಂದು ಎಚ್ಚರವಾಗುತ್ತದೆ. ನಾವು ಮಾಡಿದ್ದು ಇಷ್ಟೇ. ಗೊಬ್ಬರ ಬೆರೆಸುವ ಮೊದಲು ಬರಿ ಮಣ್ಣಿಗೆ ಒಂದೆರಡು ಸಲ, ಬಟ್ಟೆ ಒಗೆದ ನೀರಲ್ಲ, ಅಕ್ಕಿ ತರಕಾರಿ ತೊಳೆದ ನೀರನ್ನು ಮನೆಮನೆಯಿಂದ ತಂದು ಹಾಕಿದೆವು. ಜೇಕು ಚಿಗುರಿತು. ಮೂರು ಎಲೆ ಬಂದಾಗ ಫೋರ್ಕಿನಿಂದ ಆಳಕ್ಕೆ ಸಡಿಲಿಸಿ, ಸರದ ಸಮೇತ ಗಡ್ಡೆ ಎತ್ತಿದೆವು. ಹದಿನೈದು ದಿನ ಬಿಟ್ಟು ಮತ್ತೆ ಅದೇ. ಮೂರನೇ ಸಲ ಬೇಸಿಗೆ ಮಳೆಯೇ ಚಿಗುರಿಸಿ ಕೊಟ್ಟಿತು. ಎರಡು ಬಾಣಲಿ ತುಂಬ ಗಡ್ಡೆ ಸಿಕ್ಕಿತು. ಪೂರ್ತಿ ಹೋಯಿತು ಅಂತ ಹೇಳಲಾರೆ. ಆದರೆ ಇವತ್ತಿಗೂ ಕೈಯಲ್ಲಿ ಕೀಳುವಷ್ಟೇ ಇದೆ, ಕಳೆನಾಶಕ ಬೇಕಾಗಿಲ್ಲ. ಪಾರ್ಕುಗಳಲ್ಲಿ ಹೊಡೆಯುವ 2,4-ಡಿ ಅಗಲ ಎಲೆಯ ಕಳೆಯನ್ನು ಕೊಲ್ಲುತ್ತದೆ. ಅದನ್ನು ಹೊಡೆದರೆ ನಮ್ಮ ಒಂದೆಲಗವೂ ಹೋಗುತ್ತದೆ. ತೇವ ಇರುವ ಮೂಲೆಯಲ್ಲಿ ಹುಲ್ಲಿನ ನಡುವೆ ಒಂದೆಲಗ ಹಬ್ಬಿದೆ. ಅದನ್ನು ನಾವು ಕೀಳುವುದಿಲ್ಲ. ಚಟ್ನಿಗೆ, ತಂಬುಳಿಗೆ ಬಳಸುತ್ತೇವೆ.

ಗೊಬ್ಬರ ಎರಡು ಇಂಚು ಹರಡಿ, 20 ಕೆಜಿ ಬೇವಿನ ಹಿಂಡಿ ಹಾಕಿ, ಆರು ಇಂಚಿನ ಆಳಕ್ಕೆ ಬೆರೆಸಿದೆವು. ದಾರ ಕಟ್ಟಿ, ನೀರು ತುಂಬಿದ ಟ್ಯೂಬಿನಲ್ಲಿ ಮಟ್ಟ ನೋಡಿ, 40 ಅಡಿಗೆ ಐದು ಇಂಚು ಇಳಿಜಾರು ಬಿಟ್ಟೆವು. ಎರಡು ಮಳೆ ಬಿದ್ದು ಮಣ್ಣು ಕೂತಿತು. ತಗ್ಗು ಬಿದ್ದ ಕಡೆ ತುಂಬಿ, ಹಲಗೆಯಿಂದ ಮತ್ತೆ ಸಮ ಮಾಡಿದೆವು.

ಹುಲ್ಲು ಯಾವುದು ಅನ್ನುವುದರ ಮೇಲೆ ದೊಡ್ಡ ಚರ್ಚೆಯೇ ಆಯಿತು. ಮೆಕ್ಸಿಕನ್ ಹುಲ್ಲು ಮೆತ್ತಗೆ, ನೋಡಲು ಚೆಂದ. ಆದರೆ ನಿಧಾನಕ್ಕೆ ಬೆಳೆಯುತ್ತದೆ. ಮಕ್ಕಳು ಓಡಿ ಸವೆದ ಜಾಗ ಬೇಗ ತುಂಬಿಕೊಳ್ಳುವುದಿಲ್ಲ. ಆಡುವ ಜಾಗಕ್ಕೆ ಗರಿಕೆ ಜಾತಿಯೇ ಸರಿ ಅಂತ ಯಜಮಾನ್ರು ಹಟ ಹಿಡಿದರು. ಗರಿಕೆಗೆ ಬಿಸಿಲು ಬೇಕು, ಅದೊಂದೇ ಷರತ್ತು. ಮರದ ಅರೆನೆರಳಿಗೆ ಅಗಲ ಎಲೆಯ ಕಾರ್ಪೆಟ್ ಹುಲ್ಲು ಹೊಂದುತ್ತದೆ. ಹೊಂಗೆಯ ದಟ್ಟ ನೆರಳಿನಲ್ಲಿ ಯಾವ ಹುಲ್ಲೂ ಬೇಡ. ಅಲ್ಲಿ ತರಗೆಲೆಯನ್ನೇ ಬಿಟ್ಟಿದ್ದೇವೆ.

ಹಣ ಕಡಿಮೆ ಇತ್ತು. ಅದಕ್ಕೆ ಅರ್ಧ ಭಾಗಕ್ಕೆ, ಅಂದರೆ 600 ಚದರಡಿಗೆ ಮಾತ್ರ ನರ್ಸರಿಯಿಂದ ಚೌಕ ತಂದೆವು. ಇನ್ನರ್ಧಕ್ಕೆ ಯಜಮಾನ್ರು ತಮ್ಮ ಊರಿನ ಹೊಲದ ಬದುವಿನಿಂದ ಒಂದು ಮೂಟೆ ಗರಿಕೆ ಬೇರು ತಂದರು. ಅದನ್ನು ಎರಡು ಮೂರು ಗಣ್ಣು ಇರುವ ಹಾಗೆ ತುಂಡು ಮಾಡಿ, ನಾಲ್ಕು ಇಂಚಿಗೊಂದರಂತೆ ನಾವು ಹೆಂಗಸರೇ ಕೂತು ನೆಟ್ಟೆವು, ರಾಗಿ ಪೈರು ನೆಟ್ಟ ಹಾಗೆ. ಖರ್ಚು ಒಂದು ಮೂಟೆಯ ಬಸ್ ಚಾರ್ಜು.

ನರ್ಸರಿಗೆ ನಾನೇ ಹೋಗಿದ್ದೆ. ಒಂದು ಚೌಕ ತಿರುಗಿಸಿ ಕೆಳಗೆ ನೋಡಿದೆ. ಬೇರು ಬೆಳ್ಳಗಿರಬೇಕು, ಕಂದು ಲೋಳೆ ಇರಬಾರದು. ಹುಲ್ಲಿನ ನಡುವೆ ಜೇಕಿನ ಮೂರು ಮೂಲೆಯ ಕಾಂಡ ಇದೆಯಾ ಅಂತ ಬೆರಳಲ್ಲಿ ತಿರುಗಿಸಿ ನೋಡಿದೆ. ಎರಡು ಬೆರಳಿನ ನಡುವೆ ಉರುಳಿಸಿದರೆ ಆ ಮೂಲೆ ಗೊತ್ತಾಗುತ್ತದೆ. ನಾವು ಹಾಸುವ ದಿನದ ಬೆಳಿಗ್ಗೆಯೇ ಎಬ್ಬಿಸಿ ಕೊಡಬೇಕು ಅಂತ ಹೇಳಿ ಬಂದೆ. ಅವರು ಹಾಗೇ ಕೊಟ್ಟರು.

ಮೃಗಶಿರಾ ಮಳೆ ಹಿಡಿದ ವಾರ, ಜೂನ್ ಎರಡನೇ ಭಾನುವಾರ ಹಾಸಿದೆವು. ಹಿಂದಿನ ರಾತ್ರಿ ಮಳೆ ಬಂದು ಮಣ್ಣು ತಣ್ಣಗಿತ್ತು. ನೇರ ಅಂಚಿನ ಕಡೆಯಿಂದ ದಾರ ಹಿಡಿದು ಶುರು ಮಾಡಿದೆವು. ಇಟ್ಟಿಗೆ ಗೋಡೆ ಕಟ್ಟುವ ಹಾಗೆ, ಒಂದು ಸಾಲಿನ ಕೂಡು ಇನ್ನೊಂದು ಸಾಲಿನ ಕೂಡಿಗೆ ಎದುರಾಗಬಾರದು. ಎದುರಾದರೆ ಮಳೆ ನೀರು ಅಲ್ಲೇ ಕಾಲುವೆ ಮಾಡಿಕೊಳ್ಳುತ್ತದೆ. ಚೌಕವನ್ನು ಎಳೆದು ಹಿಗ್ಗಿಸಬಾರದು. ಎಳೆದಿದ್ದು ಒಣಗುವಾಗ ಕುಗ್ಗಿ ಸಂದಿ ಬಿಡುತ್ತದೆ, ಆ ಸಂದಿಯ ಅಂಚಿನಿಂದಲೇ ಒಣಗುವುದು ಶುರು. ಹಾಸಿದ್ದರ ಮೇಲೆ ಮಂಡಿಯೂರದೆ ಹಲಗೆ ಹಾಕಿಕೊಂಡು ಕೂರಬೇಕು. ಸಂದಿಗೆ ಜರಡಿ ಹಿಡಿದ ಮಣ್ಣು, ಮರಳು, ಗೊಬ್ಬರ ಬೆರೆಸಿ ತುಂಬಿದೆವು. ಕೊನೆಗೆ ನೀರು ತುಂಬಿದ ಡ್ರಮ್ ಉರುಳಿಸಿ ಮಣ್ಣಿಗೆ ಒತ್ತಿದೆವು. ಕೆಳಗೆ ಗಾಳಿ ಉಳಿದರೆ ಬೇರು ಅಲ್ಲೇ ಒಣಗುತ್ತದೆ.

ನೀರಿನ ಲೆಕ್ಕ ಸುಲಭ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ನೀರು ಅಂದರೆ ಒಂದು ಲೀಟರ್. 600 ಚದರಡಿ ಅಂದರೆ ಸುಮಾರು 56 ಚದರ ಮೀಟರ್. ಹಾಸಿದ ದಿನ 10 ಮಿಲಿಮೀಟರ್, ಅಂದರೆ 560 ಲೀಟರ್ ಕೊಟ್ಟೆವು. ಆಮೇಲೆ ಮೊದಲ ಹತ್ತು ದಿನ ಮಳೆ ಇಲ್ಲದ ದಿನ ಎರಡು ಸಲ ಸ್ವಲ್ಪ ಸ್ವಲ್ಪವೇ. ನೀರು ಸಾಕೋ ಇಲ್ಲವೋ ಅಂತ ಮೇಲಿಂದ ನೋಡಿದರೆ ಗೊತ್ತಾಗುವುದಿಲ್ಲ. ಒಂದು ಮೂಲೆ ಎತ್ತಿ ಕೆಳಗಿನ ಮಣ್ಣು ಮುಟ್ಟಬೇಕು. ಕೈಗೆ ತಂಪು ತಾಗಬೇಕು, ಕೆಸರು ಅಂಟಬಾರದು. ಮೂರನೇ ವಾರ ಅದೇ ಮೂಲೆ ಹಿಡಿದು ಎಳೆದೆ. ಬರಲಿಲ್ಲ. ಇನ್ನಷ್ಟು ಜೋರಾಗಿ ಎಳೆದೆ. ಎಲೆ ಕಿತ್ತು ಬಂತೇ ಹೊರತು ಚೌಕ ಅಲ್ಲಾಡಲಿಲ್ಲ. ನಾನು ಅಲ್ಲೇ ನಿಂತು ಯಜಮಾನ್ರನ್ನು ಕೂಗಿದೆ. ಅವರೂ ಬಂದು ಎಳೆದು ನೋಡಿದರು. ‘ಹಿಡ್ಕೊಂಡದೆ ಕಣವ್ವ’ ಅಂದರು. ಆ ದಿನದ ಸಂತೋಷ ನನಗೆ ಇನ್ನೂ ಹಾಗೇ ಇದೆ.

ಬೇರು ಹಿಡಿದ ಮೇಲೆ ದಿನಾ ನೀರು ಬೇಡ. ವಾರಕ್ಕೆ ಎರಡು ಸಲ, ಆಳಕ್ಕೆ ಇಳಿಯುವ ಹಾಗೆ ಕೊಟ್ಟರೆ ಬೇರೂ ನೀರನ್ನು ಹುಡುಕಿಕೊಂಡು ಕೆಳಗೆ ಹೋಗುತ್ತದೆ. ದಿನಾ ಚಿಮುಕಿಸಿದರೆ ಮೇಲೇ ಉಳಿಯುತ್ತದೆ. ಮೂರು ಇಂಚು ಬೆಳೆದಾಗ ಎರಡು ಇಂಚಿಗೆ ಕತ್ತರಿಸಿದೆವು. ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಬಾರದು. ಕತ್ತರಿಸಿದ ಹುಲ್ಲನ್ನು ಗುಡಿಸಿ ಒಯ್ಯುವುದಿಲ್ಲ, ಅಲ್ಲೇ ಉದುರಲು ಬಿಡುತ್ತೇವೆ. ಎರಡು ದಿನದಲ್ಲಿ ಒಳಗೆ ಇಳಿದು ಕಾಣುವುದೇ ಇಲ್ಲ. ಮಣ್ಣಿನಿಂದ ತೆಗೆದ ಸಾರಜನಕ ಮಣ್ಣಿಗೇ ವಾಪಸ್ ಹೋಗುತ್ತದೆ.

ಗೊಬ್ಬರವೂ ಅಷ್ಟೇ. ಯೂರಿಯಾದಲ್ಲಿ ಶೇ 46 ಸಾರಜನಕ. ಎರಚಿದ ಕೆಲವೇ ದಿನದಲ್ಲಿ ಕಡು ಹಸಿರು ಬರುತ್ತದೆ, ನಿಜ. ಆದರೆ ಎಲೆ ಮೆತ್ತಗಾಗಿ ರೋಗ ಬೇಗ ಹತ್ತುತ್ತದೆ, ವಾರಕ್ಕೆ ಎರಡು ಸಲ ಕತ್ತರಿಸಬೇಕಾಗುತ್ತದೆ, ನೀರೂ ಜಾಸ್ತಿ ಬೇಕು. ನಾವು ಮುಂಗಾರಿಗೆ ಮುಂಚೆ ಒಮ್ಮೆ, ದಸರಾ ಕಳೆದ ಮೇಲೆ ಒಮ್ಮೆ ಫೋರ್ಕಿನಿಂದ ನೆಲ ಚುಚ್ಚಿ, ಜರಡಿ ಹಿಡಿದ ಎಲೆಗೊಬ್ಬರವನ್ನು ಕಾಲು ಇಂಚು ಹರಡಿ ಪೊರಕೆಯಿಂದ ಒಳಗೆ ತಳ್ಳುತ್ತೇವೆ. ನಡುವೆ ಜೀವಾಮೃತ, ಅಂದರೆ ಸಗಣಿ, ಗಂಜಲ, ಬೆಲ್ಲ ಎಲ್ಲ ಕಲಸಿ ಹುದುಗಿಸಿದ ನೀರು. ಒಂದು ಎಕರೆಗೆ 200 ಲೀಟರ್ ಅಂತ ಲೆಕ್ಕ, ಎಕರೆ ಅಂದರೆ 43,560 ಚದರಡಿ. ನಮ್ಮ 1,200 ಚದರಡಿಗೆ ಐದೂವರೆ ಲೀಟರ್ ಸಾಕು. ಮೊದಲು ಇದನ್ನು ಲೆಕ್ಕ ಹಾಕದೆ ಒಂದು ಡ್ರಮ್ಮೇ ಮಾಡಿಟ್ಟಿದ್ದೆವು. ಉಳಿದಿದ್ದೆಲ್ಲ ಮರದ ಬುಡಕ್ಕೆ ಹೋಯಿತು.

ಹುಳದ ಭಯ ಎಲ್ಲರಿಗೂ ಇದೆ. ಗೊಣ್ಣೆಹುಳು ಬೇರು ತಿನ್ನುತ್ತದೆ, ಹುಲ್ಲು ತೇಪೆ ತೇಪೆಯಾಗಿ ಒಣಗುತ್ತದೆ. ಆದರೆ ಒಣಗಿದ್ದೆಲ್ಲ ಹುಳದಿಂದಲ್ಲ. ಅನುಮಾನ ಬಂದರೆ ಒಂದಡಿ ಚೌಕ ಕತ್ತರಿಸಿ ಮಗುಚಿ ನೋಡಿ. ಒಂದೋ ಎರಡೋ ಹುಳ ಇದ್ದರೆ ಹಾಗೇ ಮುಚ್ಚಿ ನೀರು ಹಾಕಿ. ಹತ್ತು ಕಂಡರೆ ಯೋಚನೆ ಮಾಡಬೇಕು. ಅದರ ತಾಯಿ ದುಂಬಿ ಮೊದಲ ಮಳೆ ಬಿದ್ದ ಸಂಜೆ ನೆಲದಿಂದ ಎದ್ದು ಬೇವಿನ ಮರಕ್ಕೆ ಮುತ್ತುತ್ತದೆ. ಹುಡುಗರು ಕೊಂಬೆ ಅಲ್ಲಾಡಿಸಿ, ಕೆಳಗೆ ಸೀರೆ ಹಾಸಿ, ಬಿದ್ದ ದುಂಬಿಗಳನ್ನು ಸೋಪಿನ ನೀರಿನ ಬಕೆಟ್ಟಿಗೆ ಹಾಕುತ್ತಾರೆ. ಮೊಟ್ಟೆ ಇಡುವುದಕ್ಕೆ ಮುಂಚೆಯೇ ಹಿಡಿದರೆ ಅರ್ಧ ಕೆಲಸ ಮುಗಿಯಿತು. ಒಂದು ಸಲ ಮೆಟಾರೈಜಿಯಂ ಅನ್ನುವ ಶಿಲೀಂಧ್ರದ ಪುಡಿಯನ್ನು ಗೊಬ್ಬರದಲ್ಲಿ ಬೆರೆಸಿ ಹಾಕಿದ್ದೆವು. ಅದು ಹುಳಕ್ಕೆ ಹತ್ತಿ ಕೊಲ್ಲುತ್ತದೆ. ಉಳಿದದ್ದನ್ನು ಹಕ್ಕಿಗಳು ನೋಡಿಕೊಳ್ಳುತ್ತವೆ. ಗೊರವಂಕ ಮತ್ತೆ ಬಂದಿವೆ. ಹೋದ ವರ್ಷದಿಂದ ಒಂದು ಜೋಡಿ ಚಂದ್ರಮುಕುಟವೂ ಬರುತ್ತಿದೆ. ಉದ್ದ ಕೊಕ್ಕನ್ನು ಹುಲ್ಲಿನೊಳಗೆ ಪೂರ್ತಿ ಇಳಿಸಿ, ಒಂದು ಕ್ಷಣ ತಡೆದು, ಬಿಳಿ ಹುಳವನ್ನು ಎಳೆದು ತೆಗೆಯುವುದನ್ನು ನಾನು ಬೆಂಚಿನಲ್ಲಿ ಕೂತು ನೋಡುತ್ತೇನೆ.

ಆ ವರ್ಷ ಗೌರಿ ಗಣೇಶ ಹಬ್ಬಕ್ಕೆ ಬೀದಿಯ ಹೆಂಗಸರೆಲ್ಲ ಪೂಜೆಗೆ ಗರಿಕೆ ಕೊಯ್ದಿದ್ದು ಇಲ್ಲಿಂದಲೇ. ದಸರಾ ಹೊತ್ತಿಗೆ ನೆಟ್ಟ ಅರ್ಧವೂ ತುಂಬಿಕೊಂಡಿತ್ತು. ಚೌಕ ತಂದು ಹಾಸಿದ ಅರ್ಧ ಯಾವುದು ಅಂತ ಹೊಸಬರು ಕೇಳಿದರೆ ಈಗ ನಾವು ತೋರಿಸಿಯೇ ಹೇಳಬೇಕು.

ಈಗ ಸುಣ್ಣದ ಗೆರೆಯ ವಿಷಯಕ್ಕೆ ಬರುತ್ತೇನೆ. ಚೌಕವನ್ನು ಹೆಜ್ಜೆ ಹಾಕಿ ಅಳೆದೆ. ಸುಮಾರು 60 ಅಡಿಗೆ 50. ಅಂದರೆ 3,000 ಚದರಡಿ, 279 ಚದರ ಮೀಟರ್. ಈ ಬಿಸಿಲಿನಲ್ಲಿ ಹೊಸ ಹುಲ್ಲಿಗೆ ದಿನಕ್ಕೆ ಆರು ಮಿಲಿಮೀಟರ್ ಅಂದುಕೊಂಡರೂ ಹತ್ತಿರ ಹತ್ತಿರ 1,700 ಲೀಟರ್, ತಿಂಗಳಿಗೆ 50,000 ಲೀಟರ್. ಇದು ಯಾವ ನೀರು? ಎಷ್ಟು ದಿನ ಬರುತ್ತದೆ? ಶುದ್ಧೀಕರಿಸಿದ ಕೊಳಚೆ ನೀರಾದರೆ ನಮ್ಮ ತಕರಾರಿಲ್ಲ. ಕುಡಿಯುವ ನೀರಾದರೆ ಖಂಡಿತ ಇದೆ.

ಇನ್ನೊಂದು ಮಾತು. ಆ ಚೌಕದೊಳಗೆ ಈಗ ಬರಿ ನೆಲ ಇಲ್ಲ. ಯಾರೂ ನೆಡದೆ ತಾನಾಗೇ ಬಂದ ಗರಿಕೆ ಇದೆ. ಈಗ ಒಣಗಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿದೆ, ಅದಕ್ಕೇ ಸತ್ತಿದೆ ಅಂತ ಬರೆದುಕೊಂಡಿರಬೇಕು. ಮಂಗಳವಾರ ಬೆಳಿಗ್ಗೆ ನಾನು ಗೆರೆಯ ಒಳಗೆ ಕೂತು ಒಂದು ಬಳ್ಳಿ ಎತ್ತಿದೆ. ಗಣ್ಣಿನ ಮೇಲಿನ ಒಣ ಸಿಪ್ಪೆಯನ್ನು ಉಗುರಿನಿಂದ ಗೀರಿದೆ. ಒಳಗೆ ಹಸಿರು. ಪಕ್ಕದ್ದು ಗೀರಿದೆ, ಅದೂ ಹಸಿರು. ಹತ್ತರಲ್ಲಿ ಎಂಟು ಗಣ್ಣು ಜೀವ ಹಿಡಿದಿದ್ದವು. ನೀರಿಲ್ಲದಾಗ ಗರಿಕೆ ಎಲೆ ಬಿಟ್ಟುಕೊಟ್ಟು ಗಣ್ಣು ಉಳಿಸಿಕೊಳ್ಳುತ್ತದೆ. ಮೇ ತಿಂಗಳ ಎರಡು ಒಳ್ಳೆ ಮಳೆ ಸಾಕು. ಜೀವ ಇರುವ ಹುಲ್ಲನ್ನು ಅಗೆದು ಬಿಸಾಡಿ, ಬೇರೆ ಊರಿನ ಮೇಲ್ಮಣ್ಣಿನ ಸಮೇತ ಹೊಸ ಹುಲ್ಲು ತಂದು, ಬೇಸಿಗೆಯಲ್ಲಿ ಅದನ್ನು ಸಾಯಿಸುವುದಕ್ಕೆ ನಮ್ಮ ತೆರಿಗೆ ಹಣ ಯಾಕೆ?

ಸಂಬಂಧಪಟ್ಟವರಲ್ಲಿ ನನ್ನ ವಿನಂತಿ ಇದು. ಕೆಲಸವನ್ನು ಜೂನ್ ತನಕ ತಡೆಯಿರಿ. ಟೆಂಡರಿನಲ್ಲಿ ಹುಲ್ಲಿಗೆ ಇಟ್ಟ ಹಣದ ಒಂದು ಪಾಲನ್ನು ಡೆಬ್ರಿ ತೆಗೆಯಲು, ಗೊಬ್ಬರಕ್ಕೆ ಇಡಿ. ಹಾಸಿದವರಿಗೆ ಕೊನೆಯ ಬಿಲ್ಲನ್ನು ಒಂದು ವರ್ಷದ ಆರೈಕೆ ನೋಡಿದ ಮೇಲೆ ಕೊಡಿ. ಮಕ್ಕಳು ಆಡುವ ಪಾರ್ಕಿಗೆ ಏನೇ ಹೊಡೆದರೂ ಅದರ ಹೆಸರು, ದಿನಾಂಕ ಗೇಟಿನ ಬೋರ್ಡಿನಲ್ಲಿ ಕನ್ನಡದಲ್ಲಿ ಬರೆಯಿರಿ. ಹೊಡೆಯುವ ಹುಡುಗರಿಗೆ ಮೊದಲು ಓದಿ ಹೇಳಿ, ಕೈಗವಸು ಕೊಡಿ.

ಆ ಗೆರೆಯೊಳಗೂ ಹಳೇ ಡೆಬ್ರಿ ಇದೆ ಅಂತ ನನಗೆ ಗೊತ್ತು, ಬೀಳುವುದನ್ನು ನೋಡಿದ್ದೇನೆ. ಲಾರಿ ಬರುವ ಮೊದಲು ಇಂಜಿನಿಯರ್ ಯಾರಾದರೂ ಬಂದು ನಾಲ್ಕು ಕಡೆ ಒಂದಡಿ ಅಗೆಸಿ ನೋಡಲಿ. ಹಾರೆ, ಬಾಣಲಿ ನಮ್ಮ ಮನೆಯಲ್ಲೇ ಇವೆ. ಬೆಳಿಗ್ಗೆ ಆರರಿಂದ ಎಂಟರವರೆಗೆ ನಾನು ಪಾರ್ಕಿನಲ್ಲೇ ಇರುತ್ತೇನೆ, ಯಜಮಾನ್ರನ್ನೂ ಕರೆಸುತ್ತೇನೆ.

ಇತಿ,
ನಿವೃತ್ತ ಅಂಚೆ ನೌಕರಳು, ಮೈಸೂರು